ಮನೆಯೂ ಕಚೇರಿಯೂ : ಒಂದು ಚಾರಿತ್ರಿಕ ವಿವೇಚನೆ

ಹಿಂದಿನ ಒಂದು ಯುಗಾದಿಯ ಮರುದಿನ, ಹೊಸತೊಡಕಿನ ಸಂಜೆ, ನನ್ನ ಬಳಿ ಹತ್ತನೆಯ ತರಗತಿಯವರೆಗೆ ಕನ್ನಡ ಕಲಿತ ಹೆಣ್ಣುಮಗಳೊಬ್ಬಳು ನಮ್ಮ ಮನೆಗೆ ಬಂದಿದ್ದಳು. ತಳಿಯ ಕಡೆಯ ಒಂದು ಹಳ್ಳಿಯವಳು, ಇಂಜಿನಿಯರಿಂಗ್ ಪದವೀಧರೆ, ಬೆಂಗಳೂರಿನ ಕಂಪ್ಯೂಟರ್ ಸಂಸ್ಥೆಯೊಂದರ ಉದ್ಯೋಗಿ. ಕುಶಲಪ್ರಶ್ನೆಯಾದ ಮೇಲೆ ಅವಳು, "ಮೇಷ್ಟ್ರೇ, ಇನ್ನು ಮೇಲೆ ವಾರದ ಐದು ದಿವಸವೂ ಆಫೀಸಿಗೆ ಬರಬೇಕೆಂದು ಹೇಳಿಬಿಟ್ಟಿದ್ದಾರೆ. ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಬೆಂಗಳೂರಿನಲ್ಲೇ ಮನೆ ಮಾಡುತ್ತೇವೆ" ಎಂದಳು. "ಒಳ್ಳೆಯದಾಯಿತಲ್ಲಮ್ಮ, ದಿನಾ ಜೊತೆಯವರ ಮುಖ ನೋಡಬಹುದು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಮೇಷ್ಟ್ರೇ, ಆದರೆ ಅತ್ತೆಯವರ ಮುಖ ನೋಡುವುದಕ್ಕೆ ಆಗುತ್ತಿಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡಳು.

ಇಂಥ ಮಾತನ್ನು ನಮ್ಮ ಹೊಸೂರು, ದೇಂಕಣಿಕೋಟೆ ಸೀಮೆಯ ಅನೇಕ ಮನೆಗಳವರು ಈಚಿನ ವರ್ಷಗಳಲ್ಲಿ ಕೇಳಿರುವರು. ಮನೆಯಲ್ಲಿ ಕುಳಿತು ದುಡಿಯುತ್ತಿದ್ದವರು ಮರಳಿ ಕಚೇರಿಗೆ ಹೊಂದಿಕೊಳ್ಳಬೇಕಾದ ಈ ಸಂಕಟ ಕೇವಲ ಇಂದಿನದೆಂದು ಹಲವರು ಭಾವಿಸಿದ್ದಾರೆ. ಚರಿತ್ರೆಯನ್ನು ನೋಡಿದರೆ ಹಾಗಲ್ಲವೆಂದು ತಿಳಿದುಬರುತ್ತದೆ. ಮನೆಯಿಂದ ಕೆಲಸವನ್ನು ಬೇರ್ಪಡಿಸಿದುದೇ ಮನುಷ್ಯನ ಇತಿಹಾಸದಲ್ಲಿ ತೀರ ಈಚಿನ ಸಂಗತಿ. ಅದು ಹೇಗೆ ನಡೆಯಿತು, ಅದಕ್ಕೆ ಜನ ಹೇಗೆ ಹೊಂದಿಕೊಂಡರು ಎಂಬುದನ್ನು ನಮ್ಮ ನೆಲದ ನಿದರ್ಶನಗಳೊಡನೆ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಪೂರ್ವಕಾಲದಲ್ಲಿ ಮನೆಯೇ ಕಾರ್ಯಾಗಾರವಾಗಿತ್ತು. ನೇಯ್ಗೆಯವನ ಕುಣಿಮಗ್ಗ ಅವನ ನಡುಮನೆಯಲ್ಲಿತ್ತು. ಅವನು ಲಾಳಿ ಹಾಯಿಸುತ್ತಿದ್ದರೆ ಹೆಂಡತಿ ನೂಲು ಸುತ್ತುತ್ತಿದ್ದಳು. ಮಕ್ಕಳು ಕಂಡಿಕೆ ತುಂಬುತ್ತಿದ್ದರು. ಕುಂಬಾರನ ತಿಗರಿ ಹಿತ್ತಿಲಲ್ಲಿ, ಅಕ್ಕಸಾಲೆಯ ಅಗ್ಗಿಷ್ಟಿಕೆ ಪಡಸಾಲೆಯಲ್ಲಿ. ವಿದ್ಯೆಯೂ ಹಾಗೆಯೇ, ಐಗಳ ಮನೆಯ ಜಗುಲಿಯೇ ಊರಿನ ಮಠ, ಅಲ್ಲಿಯೇ ಮರಳ ಮೇಲೆ ಅಕ್ಷರಾಭ್ಯಾಸ.

ಲೆಕ್ಕಪತ್ರದ ಕೆಲಸವಂತೂ ವಿಶೇಷವಾಗಿ ಗಮನಾರ್ಹವಾದುದು. ಕಚೇರಿಯೆಂಬ ಶಬ್ದ ನಮಗೆ ಹಿಂದೂಸ್ತಾನಿಯಿಂದ ಬಂದುದು. ಹಳ್ಳಿಯ ಮಟ್ಟದಲ್ಲಿ ಅದಕ್ಕೆ ಪ್ರತ್ಯೇಕ ಕಟ್ಟಡವಿರಲಿಲ್ಲ. ಶಾನುಭೋಗರ ಅಥವಾ ಕರ್ಣಿಕರ ಮನೆಯ ಜಗುಲಿಯಲ್ಲಿಯೇ ಕಂದಾಯದ ಲೆಕ್ಕ ನಡೆಯುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಡತದ ಮೇಲೆ ಬಳಪದಿಂದ ಬರೆದಿಡುವುದು ಕನ್ನಡ ನಾಡಿನ ಪದ್ಧತಿ. ಇಂದಿಗೂ ಸರ್ಕಾರಿ ಕಾಗದಗಳ ಕಟ್ಟನ್ನು ನಾವು ಕಡತವೆಂದೇ ಕರೆಯುತ್ತೇವೆ. ನಮ್ಮ ತಾತನವರು ಈ ಸೀಮೆಯ ಒಂದು ಗ್ರಾಮದ ಕರ್ಣಿಕರಾಗಿದ್ದರು. ರೈತರು ಬೆಳಗಿನ ಜಾವವೇ ಬಂದು ಕಂಬಕ್ಕೆ ಒರಗಿ ಕುಳಿತಿರುತ್ತಿದ್ದರೆಂದೂ, ತಾತನವರು ಸ್ನಾನ ಸಂಧ್ಯೆಗಳ ನಡುವೆಯೇ ಪಹಣಿ ನೋಡುತ್ತಿದ್ದರೆಂದೂ, ಅಜ್ಜಿ ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು ಬೇಸರಪಡುತ್ತಿದ್ದರೆಂದೂ ನಮ್ಮ ತಂದೆಯವರು ಹೇಳುತ್ತಿದ್ದರು. ಮೈಸೂರು ರಾಜ್ಯವು ಈ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯಿಂದ ರದ್ದುಗೊಳಿಸಿತು. ತಮಿಳುನಾಡಿಗೆ ಸೇರಿದ ನಮ್ಮ ಭಾಗದಲ್ಲಿ ಅದು 1980ರವರೆಗೆ ಉಳಿದಿತ್ತು. ಆ ವರ್ಷ ಹುದ್ದೆ ಹೋದ ಮೇಲೆ, ಲೆಕ್ಕದ ಪುಸ್ತಕಗಳು ಗಾಡಿಯೇರಿದ ದಿನ ತಾತನವರು ಊಟ ಮಾಡಲಿಲ್ಲವಂತೆ. ಅಜ್ಜಿ ಮಾತ್ರ, "ಇವತ್ತಿಗೆ ನಮ್ಮ ಜಗುಲಿ ನಮ್ಮದಾಯಿತು" ಎಂದರಂತೆ. ಒಂದೇ ಸಂಗತಿ ಒಂದೇ ಮನೆಯ ಇಬ್ಬರಿಗೆ ಎರಡು ಬಗೆಯಾಗಿ ಕಂಡಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

ಕೆಲಸವು ಮನೆಯನ್ನು ಬಿಟ್ಟು ಹೊರಟುದು ದೊಡ್ಡ ಪ್ರಮಾಣದಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ. ಜೋಸೈಯ ವೆಜ್‌ವುಡ್ ಎಂಬಾತನು 1769ರಲ್ಲಿ ಎಟ್ರೂರಿಯ ಎಂಬಲ್ಲಿ ಮಣ್ಣಿನ ಪಾತ್ರೆಗಳ ಕಾರ್ಖಾನೆಯನ್ನು ತೆರೆದು, ಗಂಟೆ ಬಾರಿಸಿ ಕೆಲಸಗಾರರನ್ನು ಕರೆಯುವ, ಬಂದ ಹೊತ್ತನ್ನು ಗುರುತಿಡುವ ಕ್ರಮವನ್ನು ಏರ್ಪಡಿಸಿದನು. ರಿಚರ್ಡ್ ಆರ್ಕ್‌ರೈಟನು 1771ರಲ್ಲಿ ಕ್ರಾಮ್‌ಫರ್ಡಿನಲ್ಲಿ ನೀರಿನ ಶಕ್ತಿಯಿಂದ ನಡೆಯುವ ನೂಲಿನ ಗಿರಣಿಯನ್ನು ಸ್ಥಾಪಿಸಿದನು. ಅಲ್ಲಿ ಹನ್ನೆರಡು ಹನ್ನೆರಡು ಗಂಟೆಗಳ ಎರಡು ಪಾಳಿ. ಹೊತ್ತು ಮೀರಿದರೆ ಬಾಗಿಲು ಹಾಕಿಬಿಡುತ್ತಿದ್ದರು.

ಅದುವರೆಗೆ ಆ ದೇಶದ ಕುಶಲಕರ್ಮಿಗಳು ತಮ್ಮ ಮನೆಯಲ್ಲಿ ತಮ್ಮಿಷ್ಟದ ಹೊತ್ತಿನಲ್ಲಿ ದುಡಿಯುತ್ತಿದ್ದರು. ವಾರದ ಕೊನೆಗೆ ರಾತ್ರಿಯೆಲ್ಲ ಕುಳಿತು ಕೆಲಸ ಮುಗಿಸುವುದು, ಸೋಮವಾರ ವಿಶ್ರಾಂತಿ ಪಡೆಯುವುದು ಅವರಲ್ಲಿ ವಾಡಿಕೆ. ಅದನ್ನು ಪರಿಹಾಸ್ಯವಾಗಿ 'ಸಂತ ಸೋಮವಾರ'ವೆಂದು, ಸೋಮವಾರವೇ ಒಬ್ಬ ಸಂತನೆಂಬಂತೆ, ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದಿರುವ ಕಟ್ಟಳೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ನಮ್ಮಲ್ಲಿ ಅದು ಬಸವಣ್ಣನ ಮೇಲಣ ಭಕ್ತಿ. ಅಲ್ಲಿ ದುಡಿಯುವವನು ತನಗೆ ತಾನೇ ಕೊಟ್ಟುಕೊಂಡ ಬಿಡುವು. ಗಿರಣಿಯ ಗಂಟೆ ಆ ಸೋಮವಾರವನ್ನು ಕಸಿದುಕೊಂಡಿತು. ಆದರೆ ಒಂದು ದಿನದಲ್ಲಲ್ಲ. ಆ ವಾಡಿಕೆ ಪೂರ್ತಿಯಾಗಿ ಅಳಿಯುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಕಾರ್ಖಾನೆಯ ಜೊತೆಗೆ ದೊಡ್ಡ ಕಚೇರಿಯೂ ಹುಟ್ಟಿತು. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಗುಮಾಸ್ತೆಗಳ ದೊಡ್ಡ ಸಮುದಾಯವೇ ಸಾಲಾಗಿ ಕುಳಿತು ಲೆಕ್ಕ ಬರೆಯುತ್ತಿತ್ತು. ಪ್ರಸಿದ್ಧ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಅಲ್ಲಿಗೆ ಗುಮಾಸ್ತೆಯಾಗಿ ಸೇರಿದುದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುಸುಲ್ತಾನನ ಬಾರಾಮಹಲ್ ಪ್ರಾಂತವು ಕಂಪೆನಿಯ ಕೈಸೇರಿತು. ಹೊಸೂರಿನ ಬಾಲಾಘಾಟ್ ಭಾಗವು 1799ರಲ್ಲಿ ಸೇರಿತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಬಾರಾಮಹಲಿನ ಮೊದಲ ಕಲೆಕ್ಟರು. ಆತನ ಸಹಾಯಕರಲ್ಲಿ ಒಬ್ಬನು ತರುವಾಯ ಮದರಾಸಿನ ಗವರ್ನರನಾದ ತಾಮಸ್ ಮನ್ರೋ. ಇವರು ಹಳ್ಳಿ ಹಳ್ಳಿಗೆ ಡೇರೆ ಸಾಗಿಸಿ ಭೂಮಿಯನ್ನಳೆದು ರೈತವಾರಿ ಪದ್ಧತಿಗೆ ತಳಹದಿ ಹಾಕಿದರು. ನಮ್ಮ ಜಗುಲಿಗಳ ಲೆಕ್ಕ ಕಾಗದಕ್ಕಿಳಿದು ಮದರಾಸನ್ನು ಸೇರಿತು. ಅಲ್ಲಿಂದ ಅದರ ಸಾರಾಂಶ ಹಡಗನ್ನೇರಿ ಲಂಡನ್ನಿನ ಭವನವನ್ನು ಮುಟ್ಟಿತು. ಹೀಗೆ ಜಗುಲಿಯ ಕರ್ಣಿಕನೂ ಭವನದ ಗುಮಾಸ್ತೆಯೂ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಕೆಲಸದ ಎರಡು ತುದಿಗಳಾದರು.

ಲ್ಯಾಂಬನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕು. 33 ವರ್ಷ ದುಡಿದು 1825ರಲ್ಲಿ ಅವನು ನಿವೃತ್ತಿವೇತನದೊಡನೆ ಮನೆಗೆ ಬಂದನು. ಬಯಸಿದ್ದ ಬಿಡುವು ಕೈಗೆ ಬಂದಾಗ ಅದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಕಂಗೆಟ್ಟುದನ್ನೂ, ಹಳೆಯ ಮೇಜನ್ನು ನೋಡುವುದಕ್ಕೆ ಮತ್ತೆ ಕಚೇರಿಗೆ ಹೋದುದನ್ನೂ ಅದೇ ವರ್ಷ ಒಂದು ಪ್ರಬಂಧದಲ್ಲಿ ಬಣ್ಣಿಸಿದ್ದಾನೆ. ಮನುಷ್ಯನು ಕಟ್ಟಿಗೂ ಒಗ್ಗುತ್ತಾನೆ, ಬಿಡುವಿಗೂ ಒಗ್ಗುತ್ತಾನೆ. ಒಂದರಿಂದ ಇನ್ನೊಂದಕ್ಕೆ ದಾಟುವ ಕಾಲದಲ್ಲಿಯೇ ಅವನಿಗೆ ನೋವು.

ನಮ್ಮ ಕಡೆಗೆ ಗಿರಣಿಯ ಕೂಗು ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಬೆಂಗಳೂರಿನಲ್ಲಿ ಬಿನ್ನಿ ಗಿರಣಿಯೆಂದು ಜನ ಕರೆಯುತ್ತಿದ್ದ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿ 1884ರಲ್ಲಿ ಸ್ಥಾಪಿತವಾಯಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಹೊಸೂರಿನ ಜನ ವಿದ್ಯೆಗೂ ಉದ್ಯೋಗಕ್ಕೂ ಬೆಂಗಳೂರಿನ ಕಡೆ ಮುಖ ಮಾಡುವುದು ಹಳೆಯ ರೂಢಿ. 1878ರಲ್ಲಿ ಇಲ್ಲಿಗೆ ಸಮೀಪದ ತೊರಪಳ್ಳಿಯಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಹೊಸೂರಿನ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರೇ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮದರಾಸು ರಾಜ್ಯದಲ್ಲಿ ಉಳಿದೆವು. ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರು ಬೇರೆ ರಾಜ್ಯದ ರಾಜಧಾನಿಯಾಯಿತು. ಆದರೂ ಬಸ್ಸು ನಿಲ್ಲಲಿಲ್ಲ. 1970ರ ದಶಕದಲ್ಲಿ ಹೊಸೂರಿನಲ್ಲಿಯೇ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಏರ್ಪಟ್ಟಿತು. ತರುವಾಯ ಲಾರಿ, ಮೋಟಾರು ಸೈಕಲ್ಲುಗಳ ಕಾರ್ಖಾನೆಗಳೂ, 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯ ಕೈಗಡಿಯಾರದ ಕಾರ್ಖಾನೆಯೂ ಬಂದವು. ಹೊತ್ತನ್ನು ಕೋಳಿಯ ಕೂಗಿನಿಂದ ಅಳೆಯುತ್ತಿದ್ದ ಊರಿನ ಮಕ್ಕಳು ಲೋಕಕ್ಕೆ ಗಡಿಯಾರ ಮಾಡಿಕೊಟ್ಟರು; ತಾವೂ ಗಡಿಯಾರಕ್ಕೆ ಒಳಪಟ್ಟರು.

ಇತ್ತ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಶ್ರೀ ಆರ್. ಕೆ. ಬಾಳಿಗರ ನೇತೃತ್ವದಲ್ಲಿ 1978ರಲ್ಲಿ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಇನ್ಫೋಸಿಸ್ ಸಂಸ್ಥೆ 1994ರಲ್ಲಿ ಅಲ್ಲಿಗೆ ಬಂದಿತು. 2010ರಲ್ಲಿ ಮೇಲುರಸ್ತೆ ತೆರೆಯಿತು. ನಮ್ಮ ಊರಿಗೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಲೋಕದ ದೊಡ್ಡ ಕಚೇರಿಗಳಲ್ಲಿ ಕೆಲವು ನೆಲೆಸಿದಂತಾಯಿತು. ಕನ್ನಡ ಮಾಧ್ಯಮದ ಬೆಂಚಿನಿಂದ ಎದ್ದ ಹುಡುಗ ಹುಡುಗಿಯರು ಕೊರಳಿಗೆ ಗುರುತಿನ ಚೀಟಿ ಧರಿಸಿ ಅಲ್ಲಿಗೆ ಹೋದರು.

ಕೆಲಸವನ್ನು ಮತ್ತೆ ಮನೆಗೆ ಕಳುಹಿಸಬಹುದೆಂಬ ವಿಚಾರವೂ ಹೊಸದಲ್ಲ. ಪಶ್ಚಿಮ ಜರ್ಮನಿಯಲ್ಲಿ ಮ್ಯೂನಿಕ್ ನಗರದ ಬಳಿಯ ಓಟೋಬ್ರುನ್ ಎಂಬಲ್ಲಿನ ವಿಮಾನ ಸಂಸ್ಥೆಯೊಂದು 1967ರಲ್ಲಿ ನೌಕರರಿಗೆ ಬರುವ ಹೋಗುವ ಹೊತ್ತನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟಿತು. ಅಮೆರಿಕದ ಜಾಕ್ ನಿಲ್ಲೆಸ್ ಎಂಬ ವಿಜ್ಞಾನಿ 1973ರಲ್ಲಿ, ಜನರನ್ನು ಕೆಲಸದ ಬಳಿಗೆ ಸಾಗಿಸುವುದಕ್ಕಿಂತ ತಂತಿಯ ಮೂಲಕ ಕೆಲಸವನ್ನೇ ಜನರ ಬಳಿಗೆ ಸಾಗಿಸಬಾರದೇಕೆ ಎಂದು ಕೇಳಿ, ಅದಕ್ಕೆ 'ಟೆಲಿಕಮ್ಯೂಟಿಂಗ್' ಎಂಬ ಹೆಸರನ್ನಿಟ್ಟನು. ಅದೇ ವರ್ಷ ತೈಲದ ಬಿಕ್ಕಟ್ಟು ಬಂದು ಆ ಪ್ರಶ್ನೆಗೆ ಬಲ ಬಂದಿತು. ಐಬಿಎಂ ಸಂಸ್ಥೆ 1979ರಲ್ಲಿ ಐದು ಮಂದಿ ನೌಕರರ ಮನೆಗಳಲ್ಲಿ ಯಂತ್ರವನ್ನಿಟ್ಟು ಪರೀಕ್ಷಿಸಿತು. 2009ರ ವೇಳೆಗೆ ಅದರ ನೌಕರರಲ್ಲಿ ಶೇಕಡ 40 ಮಂದಿಗೆ ಗೊತ್ತಾದ ಕಚೇರಿಯೇ ಇರಲಿಲ್ಲ. ಆದರೆ 2013ರಲ್ಲಿ ಯಾಹೂ ಸಂಸ್ಥೆಯೂ 2017ರಲ್ಲಿ ಸ್ವತಃ ಐಬಿಎಂ ಸಂಸ್ಥೆಯೂ ದೂರದಲ್ಲಿದ್ದ ನೌಕರರನ್ನು ಮರಳಿ ಕರೆದವು. ಒಟ್ಟಿಗೆ ಕುಳಿತರೆ ಹೊಸ ವಿಚಾರ ಹುಟ್ಟುವುದೆಂಬುದು ಅವರು ಹೇಳಿದ ಕಾರಣ. ಕರೆದುಕೊಳ್ಳುವುದೂ ಕಳುಹಿಸುವುದೂ ಹೀಗೆ ಮೊದಲೇ ಒಮ್ಮೆ ನಡೆದುಹೋಗಿತ್ತು.

ಆಮೇಲೆ ಬಂದುದು 2020ನೆಯ ವರ್ಷ. ಆ ವರ್ಷದ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ರೋಗವನ್ನು ಜಗದ್ವ್ಯಾಪಿ ಸಾಂಕ್ರಾಮಿಕವೆಂದು ಸಾರಿತು. ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. 1898ರ ಪ್ಲೇಗಿನಲ್ಲಿ ಬೆಂಗಳೂರು ಪೇಟೆಯ ಜನ ಮನೆ ಬಿಟ್ಟು ಊರಾಚೆ ಹೋದ ಕಥೆಯನ್ನೂ, ಅದರ ಫಲವಾಗಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದುದನ್ನೂ ಹಿರಿಯರು ಹೇಳುತ್ತಿದ್ದರು. ಈ ಸಲ ಬೆಂಗಳೂರಿನ ಜನ ಊರಾಚೆಗಷ್ಟೇ ಹೋಗಲಿಲ್ಲ, ತಮ್ಮ ತಮ್ಮ ಊರುಗಳಿಗೇ ಬಂದರು. ಬರುವಾಗ ಕಚೇರಿಯನ್ನು ಚೀಲದಲ್ಲಿ ಹಾಕಿಕೊಂಡು ತಂದರು. ಕೇಂದ್ರ ಸರ್ಕಾರವು ದೂರಸಂಪರ್ಕದ ನಿಯಮಗಳನ್ನು ಮೊದಲು ತಾತ್ಕಾಲಿಕವಾಗಿ ಸಡಿಲಿಸಿ, 2020ರ ನವೆಂಬರಿನಲ್ಲಿ ಹೊಸ ನಿಯಮಗಳನ್ನೇ ಪ್ರಕಟಿಸಿ ಇದಕ್ಕೆ ದಾರಿ ಮಾಡಿಕೊಟ್ಟಿತು.

ಗಡಿನಾಡಿನವರಾದ ನಮಗೆ ಆ ದಿನಗಳಲ್ಲಿ ಗಡಿಯೆಂಬುದು ಏನೆಂದು ತಿಳಿಯಿತು. ತಲಪಾಡಿಯಲ್ಲಿ ರಸ್ತೆ ಮುಚ್ಚಿ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಪಟ್ಟ ಕಷ್ಟವನ್ನು ಅಲ್ಲಿಯ ಬಂಧುಗಳು ಮರೆಯಲಾರರು. ಅತ್ತಿಬೆಲೆಯ ಬಳಿ ನಮ್ಮವರೂ ಅನುಮತಿ ಪತ್ರ ಹಿಡಿದು ನಿಂತರು. ಮಾರುಕಟ್ಟೆಯಿಲ್ಲದೆ ಹೊಸೂರಿನ ಗುಲಾಬಿ ತೋಟಗಳಲ್ಲಿ ಹೂವು ಕೊಳೆಯಿತು. ಕಾರ್ಖಾನೆಯ ಕೂಲಿಯವರಿಗೆ, ಬಸ್ಸಿನ ಕಂಡಕ್ಟರಿಗೆ, ಹೂವಿನ ರೈತನಿಗೆ ಮನೆಯಿಂದ ಕೆಲಸವೆಂಬ ಅನುಕೂಲವಿರಲಿಲ್ಲ. ಉಪಾಧ್ಯಾಯರಾದ ನಾವೂ ಮನೆಯಿಂದಲೇ ಪಾಠ ಹೇಳಿದೆವು. ಆದರೆ ಎಷ್ಟೋ ಮನೆಗಳಲ್ಲಿ ಇದ್ದುದು ಒಂದೇ ಫೋನು, ಅದು ತಂದೆಯೊಡನೆ ಹೊಲಕ್ಕೆ ಹೋಗುತ್ತಿತ್ತು. ಆ ಎರಡು ವರ್ಷಗಳಲ್ಲಿ ಒತ್ತಕ್ಷರ ಮರೆತ ಮಕ್ಕಳನ್ನು ತಿದ್ದುವುದಕ್ಕೆ ನಾವು ಪಟ್ಟ ಪಾಡು ನಮಗೇ ಗೊತ್ತು. ಆದಕಾರಣ ಮನೆಯಿಂದ ಕೆಲಸವೆಂಬುದು ಎಲ್ಲರಿಗೂ ಸುಖವನ್ನು ತಂದಿತೆಂದು ಹೇಳುವವನು ನಾನಲ್ಲ.

ಆದರೂ ಆ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಬೆಳಕು ಕಂಡುದು ನಿಜ. ವರ್ಷಕ್ಕೆರಡು ಸಲ ಹಬ್ಬಕ್ಕೆ ಬರುತ್ತಿದ್ದ ಮಕ್ಕಳು ದಿನವೂ ಮನೆಯಲ್ಲಿದ್ದರು. ನಾನು ಮೊದಲು ಹೇಳಿದ ಹೆಣ್ಣುಮಗಳು ನಡುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಪರದೇಶದವರೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರೆ, ಜಗುಲಿಯಲ್ಲಿ ಅವಳ ಅತ್ತೆ ಮೊಮ್ಮಗಳಿಗೆ ಅಕ್ಕಿಯ ಮೇಲೆ ಅ ಆ ಇ ಈ ತಿದ್ದಿಸುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಐಗಳು ಕುಳಿತಿದ್ದ ಜಗುಲಿಗೆ ವಿದ್ಯೆ ಮರಳಿ ಬಂದಿತ್ತು. ಮತ್ತೊಬ್ಬ ಶಿಷ್ಯನ ಅನುಭವ ಇದಕ್ಕೆ ತೀರ ವಿರುದ್ಧವಾದುದು. ಎರಡು ಕೋಣೆಯ ಮನೆಯಲ್ಲಿ ಆರು ಮಂದಿ. ಅವನು ಸಿಗ್ನಲ್ಲಿಗಾಗಿ ಮಾಳಿಗೆಯ ನೀರಿನ ತೊಟ್ಟಿಯ ನೆರಳಿನಲ್ಲಿ ಕುಳಿತು ದುಡಿಯುತ್ತಿದ್ದನು. ಕೆಲಸಕ್ಕೆ ಸೇರಿ ವರ್ಷವಾದರೂ ಹಿರಿಯ ಸಹೋದ್ಯೋಗಿಯ ಮುಖವನ್ನು ಅವನು ನೇರವಾಗಿ ಕಂಡಿರಲಿಲ್ಲ. ರಾತ್ರಿ ಹನ್ನೊಂದಕ್ಕೂ ಕರೆ ಬರುತ್ತಿತ್ತು. "ಮನೆಯಲ್ಲೇ ಇದ್ದೀಯಲ್ಲಪ್ಪ, ದನಕ್ಕೆ ಹುಲ್ಲು ಹಾಕಿ ಬಾ" ಎಂದು ತಂದೆ. "ಮನೆಯಲ್ಲೇ ಇದ್ದೀರಲ್ಲ, ಇದನ್ನೂ ಮುಗಿಸಿಬಿಡಿ" ಎಂದು ಮೇಲಧಿಕಾರಿ. ಕಚೇರಿಗೆ ಕರೆ ಬಂದಾಗ ಅವನು ಸಂತೋಷಪಟ್ಟನು. ನಮ್ಮ ತಾತ ಅಜ್ಜಿಯರ ಎರಡು ಮನಸ್ಸುಗಳನ್ನು ವಾಚಕರು ಇಲ್ಲಿ ಮತ್ತೆ ಕಾಣಬಹುದು.

ಮರಳುವಿಕೆಯಾದರೂ ಒಮ್ಮೆಲೇ ಆಗಲಿಲ್ಲ. ಟಿ.ಸಿ.ಎಸ್. ಸಂಸ್ಥೆಯು 2025ರ ವೇಳೆಗೆ ಯಾವುದೇ ಸಮಯದಲ್ಲಿ ನಾಲ್ಕರಲ್ಲಿ ಒಂದು ಪಾಲು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕೆಂದು 2020ರಲ್ಲಿ ಸಾರಿತ್ತು. 2022ರ ಜುಲೈಯಲ್ಲಿ ಸರ್ಕಾರವು ವಿಶೇಷ ಆರ್ಥಿಕ ವಲಯಗಳ ಸಂಸ್ಥೆಗಳಲ್ಲಿ ಶೇಕಡ 50ರವರೆಗೆ ನೌಕರರು ಒಂದು ವರ್ಷದ ತನಕ ಮನೆಯಿಂದ ದುಡಿಯಬಹುದೆಂದು ನಿಯಮ ಮಾಡಿತು. ಆದರೆ 2023ರ ಅಕ್ಟೋಬರ್ 1ರಿಂದ ಅದೇ ಟಿ.ಸಿ.ಎಸ್. ವಾರಕ್ಕೆ ಐದು ದಿನ ಬರಬೇಕೆಂದು ತಿಳಿಸಿತು. ಅದೇ ನವೆಂಬರಿನಲ್ಲಿ ವಿಪ್ರೋ ವಾರಕ್ಕೆ ಮೂರು ದಿನವನ್ನು ಕಡ್ಡಾಯ ಮಾಡಿತು. ಇನ್ಫೋಸಿಸ್ ತನ್ನ ಹಲವು ನೌಕರರಿಗೆ ತಿಂಗಳಿಗೆ ಹತ್ತು ದಿನವನ್ನು ಗೊತ್ತುಪಡಿಸಿತು. ಅಮೆಜಾನ್ ಸಂಸ್ಥೆ 2025ರ ಜನವರಿಯಿಂದ ಐದು ದಿನಗಳ ಪದ್ಧತಿಯನ್ನು ಮರಳಿ ತಂದಿತು. ಇದಕ್ಕೆ ವ್ಯತಿರಿಕ್ತವಾಗಿ ಬ್ರಿಟನ್ನಿನಲ್ಲಿ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನುಕೂಲದ ವೇಳೆಯನ್ನು ಕೇಳಿಕೊಳ್ಳುವ ಹಕ್ಕು 2024ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಗಿರಣಿಯ ಗಂಟೆ ಮೊದಲು ಮೊಳಗಿದ ದೇಶದಲ್ಲಿಯೇ ಈ ಕಾನೂನು ಹುಟ್ಟಿದುದು ಚಿಂತನಾರ್ಹವಾಗಿದೆ.

ನಮ್ಮ ಮಕ್ಕಳು ಹೇಗೆ ಹೊಂದಿಕೊಂಡರು? ಕೆಲವರು ಮುಂಜಾನೆ ಐದಕ್ಕೆ ಎದ್ದು ಬುತ್ತಿ ಕಟ್ಟಿಕೊಂಡು ಹೊಸೂರಿನಿಂದ ಬಸ್ಸು ಹಿಡಿದರು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಬಂದ ಮೇಲೆ ಅವರ ದಾರಿ ಸ್ವಲ್ಪ ಸುಗಮವಾಯಿತು. ಕೆಲವರು ವಾರವೆಲ್ಲ ಬಾಡಿಗೆಯ ಕೋಣೆಯಲ್ಲಿದ್ದು ಶುಕ್ರವಾರ ರಾತ್ರಿ ಊರಿಗೆ ಬರುವರು. ಚಿಕ್ಕ ಮಕ್ಕಳ ತಾಯಂದಿರಲ್ಲಿ ಕೆಲಸವನ್ನೇ ಬಿಟ್ಟವರನ್ನೂ ನಾನು ಬಲ್ಲೆ. ಉಳಿದವರು, ನನ್ನ ಶಿಷ್ಯೆಯಂತೆ, ಸಂಸಾರವನ್ನೇ ಸಾಗಿಸಿದರು.

ಅವಳು ಬೆಂಗಳೂರಿಗೆ ಹೋಗಿ ಕೆಲವು ತಿಂಗಳ ಮೇಲೆ ದೀಪಾವಳಿಗೆ ಬಂದಾಗ ಮಗುವನ್ನು ಕರೆತಂದಿದ್ದಳು. ನಾನು ಮಗುವನ್ನು ಹತ್ತಿರ ಕೂರಿಸಿಕೊಂಡು, "ಕ ಕಾ ಬರೆಯುತ್ತೀಯಾ ಪುಟ್ಟಿ?" ಎಂದು ಕೇಳಿದೆ. ಮಗು ತಾಯಿಯ ಮುಖ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿತು. "ಅಪಾರ್ಟ್‌ಮೆಂಟಿನಲ್ಲಿ ಆಡುವವರೆಲ್ಲ ಬೇರೆ ಬೇರೆ ಕಡೆಯವರು ಮೇಷ್ಟ್ರೇ, ಅಜ್ಜಿಯ ಬಳಿ ಕಲಿತದ್ದು ಅಲ್ಲಿಗೇ ನಿಂತುಹೋಯಿತು" ಎಂದು ತಾಯಿ ತಲೆ ತಗ್ಗಿಸಿದಳು. ಎಪ್ಪತ್ತು ವರ್ಷ ಪರರಾಜ್ಯದಲ್ಲಿದ್ದೂ ನಾವು ಮನೆಯೊಳಗೆ ಕಾಪಾಡಿಕೊಂಡು ಬಂದ ನುಡಿ, ಕರ್ನಾಟಕದ ರಾಜಧಾನಿಗೆ ಹೋಗಿ ಕೆಲವೇ ತಿಂಗಳಲ್ಲಿ ಮಗುವಿನ ನಾಲಗೆಯಿಂದ ಜಾರಿತು. ಇದಕ್ಕೆ ಆ ತಾಯಿಯನ್ನು ದೂರುವುದು ಅನ್ಯಾಯ. ಕಚೇರಿಯನ್ನು ದೂರಿಯೂ ಫಲವಿಲ್ಲ. ಭಾಷೆಯನ್ನು ಶಾಲೆ ಕಲಿಸುತ್ತದೆ, ಸಭೆ ಹೊಗಳುತ್ತದೆ. ಉಳಿಸುವುದು ಮಾತ್ರ ಮನೆಯಲ್ಲಿರುವ ಹಿರಿಯರ ಬಿಡುವು. ಆ ಬಿಡುವಿಗೂ ಮಗುವಿಗೂ ನಡುವೆ 40 ಕಿಲೋಮೀಟರ್ ಬಂದು ನಿಂತಿತು.

ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಇಷ್ಟು. ಕೆಲಸದ ಸ್ಥಳವು ಕಾಲಕಾಲಕ್ಕೆ ಬದಲಾಗಿದೆ, ಮುಂದೆಯೂ ಬದಲಾಗುವುದು. ಅದನ್ನು ನಿರ್ಧರಿಸುವ ಶಕ್ತಿ ಹಳ್ಳಿಯ ಮನೆಗಳಿಗೆ ಎಂದೂ ಇರಲಿಲ್ಲ. ಗಿರಣಿಗೆ ಹೋದ ಇಂಗ್ಲೆಂಡಿನ ನೇಕಾರರು ಸೋಮವಾರವನ್ನು ಕಳೆದುಕೊಂಡರೂ, ದೀರ್ಘಕಾಲದ ಹೋರಾಟದಿಂದ ಶನಿವಾರದ ಅರ್ಧದಿನದ ಬಿಡುವನ್ನು ಗಳಿಸಿದರು. ಹೊಂದಿಕೊಳ್ಳುವುದೆಂದರೆ ಎಲ್ಲವನ್ನೂ ಬಿಟ್ಟುಕೊಡುವುದಲ್ಲ. ಹೋದುದರಲ್ಲಿ ಅತ್ಯಾವಶ್ಯಕವಾದುದನ್ನು ಬೇರೊಂದು ಹೊತ್ತಿನಲ್ಲಿ, ಬೇರೊಂದು ಎಡೆಯಲ್ಲಿ ಮರಳಿ ನೆಲೆಗೊಳಿಸುವುದು.

ನಮ್ಮ ಸಂಘದವರಲ್ಲಿ ನನ್ನದೊಂದು ವಿಜ್ಞಾಪನೆ. ಶನಿವಾರ ಭಾನುವಾರಗಳಲ್ಲಿ ಊರಿಗೆ ಬರುವ ಮಕ್ಕಳಿಗಾಗಿ ಸಂಘದ ಕಟ್ಟಡದ ಜಗುಲಿಯನ್ನು ಎರಡು ಗಂಟೆ ತೆರೆದಿಡೋಣ. ಅಕ್ಕಿ, ಮರಳು, ಹಲಗೆ, ಬಳಪ ಇದ್ದರೆ ಸಾಕು. ಕಲಿಸುವುದಕ್ಕೆ ಊರಿನ ಅಜ್ಜಿಯರಿದ್ದಾರೆ, ಅವರಿಗೆ ತಪ್ಪಿದಲ್ಲಿ ನಾನಿದ್ದೇನೆ. ನನ್ನ ಶಿಷ್ಯೆ ತಿಂಗಳಿಗೆ ಎರಡು ಸಲ ಮಗುವನ್ನು ಕರೆತರುವುದಾಗಿ ಮಾತು ಕೊಟ್ಟಿದ್ದಾಳೆ. ಕಳೆದ ಭಾನುವಾರ ಬಂದಿದ್ದಳು; ಮಗು ಅಜ್ಜಿಯ ತೊಡೆಯ ಮೇಲೆ ಕುಳಿತು 'ಕ'ಕಾರವನ್ನು ಮೂರು ಸಲ ತಿದ್ದಿತು, ನಾಲ್ಕನೆಯ ಸಲ ತಾನಾಗಿಯೇ ಬರೆಯಿತು.